ತುರ್ತು ಚಿಕಿತ್ಸಾ ವಿಭಾಗದ ನಾಲ್ಕು ಗಂಟೆಯ ಗುರಿ

ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ರೋಗಿ ನಾಲ್ಕು ಗಂಟೆಯೊಳಗೆ ವಾರ್ಡಿಗೆ ದಾಖಲಾಗಬೇಕು, ಬೇರೆ ಆಸ್ಪತ್ರೆಗೆ ಹೋಗಬೇಕು, ಇಲ್ಲವೇ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೊರಡಬೇಕು ಎಂದು ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) ವಿಧಿಸಿಕೊಂಡ ಮಾನದಂಡ. 2000ದಲ್ಲಿ ಘೋಷಣೆಯಾಗಿ ಹಲವು ಬದಲಾವಣೆಗಳೊಂದಿಗೆ ಇಂದಿಗೂ ಚಾಲ್ತಿಯಲ್ಲಿದೆ. ತುರ್ತು ವಿಭಾಗದ ಕೆಲಸವನ್ನು ಅಳೆದು ಸುಧಾರಿಸುವ ಪ್ರಯತ್ನದಿಂದ ಆಗಬಹುದಾದ ಒಳಿತು, ಆಗಬಹುದಾದ ಅನಾಹುತ ಎರಡನ್ನೂ ಈ ಒಂದು ಗುರಿಯ ಇತಿಹಾಸದಲ್ಲಿ ಕಾಣಬಹುದು.

ಹಿನ್ನೆಲೆ: ಚಿಕಿತ್ಸೆಯ ಫಲಿತಾಂಶವನ್ನು ಲೆಕ್ಕವಿಟ್ಟು ಬಹಿರಂಗಪಡಿಸಬೇಕೆಂಬ ಒತ್ತಾಯ ಹಳೆಯದು. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 20ನೇ ಶತಮಾನದ ಆರಂಭದಲ್ಲೇ ಪ್ರತಿ ರೋಗಿಯ ಕೊನೆಯ ಫಲಿತಾಂಶ ಬರೆದಿಡಬೇಕೆಂದು ವಾದಿಸಿ ಸಹೋದ್ಯೋಗಿಗಳ ಅಸಮಾಧಾನ ಕಟ್ಟಿಕೊಂಡಿದ್ದ. ಆದರೆ ತುರ್ತು ವಿಭಾಗಗಳತ್ತ ಈ ದೃಷ್ಟಿ ಹರಿಯುವುದು ತಡವಾಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ‘ಕ್ಯಾಶುಯಲ್ಟಿ’ ಎಂದರೆ ಬಹುಕಾಲ ಕಿರಿಯ ವೈದ್ಯರ ಪಾಲಿಗೆ ಬಿಟ್ಟ ಮೂಲೆಯಾಗಿತ್ತು. 1962ರ ಪ್ಲ್ಯಾಟ್ ವರದಿ ಅದನ್ನು ಅಪಘಾತ ಮತ್ತು ತುರ್ತು ವಿಭಾಗವಾಗಿ ಮರುಸಂಘಟಿಸಲು ಸಲಹೆ ಮಾಡಿತು. 1967ರಲ್ಲಿ ಕ್ಯಾಶುಯಲ್ಟಿ ಶಸ್ತ್ರವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. 1991ರ ರೋಗಿಗಳ ಸನ್ನದು ತುರ್ತು ವಿಭಾಗಕ್ಕೆ ಬಂದವರನ್ನು ಕೂಡಲೇ ಪರಿಶೀಲಿಸಬೇಕೆಂದು ಹೇಳಿತು. ನರ್ಸ್ ಒಮ್ಮೆ ನೋಡಿ ಕಳಿಸಿದರೂ ಷರತ್ತು ಪೂರೈಸಿದಂತಾಗುತ್ತಿತ್ತು. ಆಮೇಲೆ ರೋಗಿ ಎಷ್ಟು ಹೊತ್ತು ಕೂತ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ.

1990ರ ದಶಕದ ಕೊನೆಗೆ ವೃದ್ಧರು ಕಾರಿಡಾರಿನ ಟ್ರಾಲಿಗಳ ಮೇಲೆ ರಾತ್ರಿಯಿಡೀ ಮಲಗಿರುವ ಚಿತ್ರಗಳು ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಬರುತ್ತಿದ್ದವು. ಆರೋಗ್ಯ ಸಚಿವ ಅಲನ್ ಮಿಲ್‌ಬರ್ನ್ 2000ದ ಜುಲೈನಲ್ಲಿ ಮಂಡಿಸಿದ ಎನ್‌ಎಚ್‌ಎಸ್ ಯೋಜನೆ, 2004ರ ವೇಳೆಗೆ ತುರ್ತು ವಿಭಾಗದಲ್ಲಿ ಯಾರೂ ನಾಲ್ಕು ಗಂಟೆಗಿಂತ ಹೆಚ್ಚು ಇರಬಾರದೆಂದು ಸಾರಿತು. ವೈದ್ಯಕೀಯವಾಗಿ ಕೆಲವರನ್ನು ಹೆಚ್ಚು ಹೊತ್ತು ಇರಿಸಿಕೊಳ್ಳಲೇಬೇಕಾಗುತ್ತದೆ ಎಂಬ ತಜ್ಞರ ಮಾತಿಗೆ ಮಣಿದು ಗುರಿಯನ್ನು ಶೇ. 98ಕ್ಕೆ ನಿಗದಿ ಮಾಡಲಾಯಿತು.

ಅಳತೆಯ ವಿಧಾನ: ರೋಗಿ ಬಂದ ಕೂಡಲೇ ಗಡಿಯಾರ ಶುರು. ಆಂಬುಲೆನ್ಸಿನಲ್ಲಿ ಬಂದವರಿಗೆ ಸಿಬ್ಬಂದಿ ರೋಗಿಯನ್ನು ಒಪ್ಪಿಸಿದ ಕ್ಷಣ, ಅಥವಾ ವಾಹನ ಆಸ್ಪತ್ರೆ ತಲುಪಿ 15 ನಿಮಿಷ ಕಳೆದ ಕ್ಷಣ, ಇವೆರಡರಲ್ಲಿ ಯಾವುದು ಮೊದಲೋ ಅದು. ರೋಗಿ ವಿಭಾಗದಿಂದ ಹೊರಬಿದ್ದಾಗ ಗಡಿಯಾರ ನಿಲ್ಲುತ್ತದೆ. ವೈದ್ಯರು ಎಷ್ಟು ಬೇಗ ನೋಡಿದರು ಎಂಬುದಷ್ಟೇ ಇಲ್ಲಿ ಲೆಕ್ಕವಲ್ಲ. ರಕ್ತಪರೀಕ್ಷೆಯ ವರದಿ, ಸ್ಕ್ಯಾನ್, ತಜ್ಞರ ಭೇಟಿ, ವಾರ್ಡಿನಲ್ಲಿ ಹಾಸಿಗೆ ಇವೆಲ್ಲ ಸೇರಿ ಒಂದೇ ಅಂಕಿಯಾಗುತ್ತದೆ. ಈ ಗುರಿಯ ಬಲ ಇದ್ದದ್ದೇ ಇಲ್ಲಿ. ತುರ್ತು ವಿಭಾಗದ ನೂಕುನುಗ್ಗಲಿಗೆ ಮುಖ್ಯ ಕಾರಣ ಬಾಗಿಲಲ್ಲಿ ಬರುವ ಜನರಿಗಿಂತ ಹೆಚ್ಚಾಗಿ ಮೇಲಿನ ವಾರ್ಡುಗಳಲ್ಲಿ ಖಾಲಿಯಾಗದ ಹಾಸಿಗೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ವೃದ್ಧರೊಬ್ಬರ ಬಿಡುಗಡೆ ಬೆಳಿಗ್ಗೆ ತಡವಾದರೆ ಸಂಜೆ ಕೆಳಗೆ ಟ್ರಾಲಿಯ ಮೇಲೆ ನ್ಯುಮೋನಿಯಾ ರೋಗಿ ಕಾಯುತ್ತಾರೆ. ಇಡೀ ಆಸ್ಪತ್ರೆಯ ಹೊಣೆಯನ್ನು ಈ ಅಳತೆ ಒಂದೇ ಅಂಕಿಯಲ್ಲಿ ಹಿಡಿದಿಟ್ಟಿತು.

ಫಲ ಬೇಗನೆ ಕಂಡಿತು. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿಯಂತೆ 2002ರಲ್ಲಿ ಶೇ. 23ರಷ್ಟು ರೋಗಿಗಳು ನಾಲ್ಕು ಗಂಟೆ ಮೀರಿ ಇರುತ್ತಿದ್ದರು. 2004ರ ಏಪ್ರಿಲ್–ಜೂನ್ ಹೊತ್ತಿಗೆ ಆ ಪ್ರಮಾಣ ಶೇ. 5ರ ಆಸುಪಾಸಿಗೆ ಇಳಿದಿತ್ತು. ಸಣ್ಣಪುಟ್ಟ ಗಾಯದವರನ್ನು ಸಾಲಿನಲ್ಲಿ ಕೂರಿಸದೆ ಅನುಭವಿ ವೈದ್ಯರೋ ನರ್ಸೋ ಅಲ್ಲೇ ನೋಡಿ ಕಳಿಸುವ ಪದ್ಧತಿ ಬಂತು. ತುರ್ತು ವೈದ್ಯ ತಜ್ಞರ ಹುದ್ದೆಗಳು ಹೆಚ್ಚಿದವು.

ಅಂಕಿಗಾಗಿ ಆಟ: 2005ರಲ್ಲಿ ಥಾಮಸ್ ಲಾಕರ್ ಮತ್ತು ಸುಜಾನ್ ಮೇಸನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ರೇಖಾಚಿತ್ರ ಇಂದಿಗೂ ನೋಡುವಂಥದ್ದು. ರೋಗಿಗಳು ವಿಭಾಗದಿಂದ ಹೊರಟ ಸಮಯವನ್ನು ಗುರುತಿಸುತ್ತ ಹೋದರೆ ಗೆರೆ ನಿಧಾನವಾಗಿ ಏರಿ ಇಳಿಯುತ್ತದೆ; ನಾಲ್ಕನೇ ಗಂಟೆಯ ಕೊನೆಯ 20 ನಿಮಿಷಕ್ಕೆ ಬಂದಾಗ ಥಟ್ಟನೆ ಗೋಪುರದಂತೆ ಎದ್ದು, ಗಡುವು ದಾಟಿದ ಮರುಕ್ಷಣ ಕುಸಿಯುತ್ತದೆ. ಆ ಗೋಪುರ ಹೇಳುವುದು ರೋಗದ ಸ್ಥಿತಿಯನ್ನಲ್ಲ, ಗಡುವಿನ ಒತ್ತಡವನ್ನು. ಅಲ್ಲಿ ಹೆಚ್ಚಾಗಿ ಕಾಣುತ್ತಿದ್ದವರು ವಾರ್ಡಿಗೆ ದಾಖಲಾಗಬೇಕಾದವರು, ವಯಸ್ಸಾದವರು.

2003ರ ಮಾರ್ಚ್ ಕೊನೆಯ ವಾರದ ಅಂಕಿಗಳಿಂದ ಆಸ್ಪತ್ರೆಗಳ ಸಾಧನೆ ಅಳೆಯಲಾಗುವುದೆಂದು ಮೊದಲೇ ತಿಳಿದಿದ್ದರಿಂದ ಹಲವೆಡೆ ಆ ಒಂದು ವಾರಕ್ಕೆ ಹೆಚ್ಚುವರಿ ಸಿಬ್ಬಂದಿಯನ್ನು ನೇಮಿಸಲಾಗಿತ್ತು. ಗ್ವಿನ್ ಬೆವನ್ ಮತ್ತು ಕ್ರಿಸ್ಟೋಫರ್ ಹುಡ್ 2006ರಲ್ಲಿ ಬರೆದ ಪ್ರಬಂಧ ಇಂಥ ತಂತ್ರಗಳನ್ನು ಒಂದೆಡೆ ಕಲೆಹಾಕಿತು. ಅಂಕಿಗೆ ಬಹುಮಾನ, ತಪ್ಪಿದರೆ ದಂಡನೆ, ನಡುವೆ ಸರಿಯಾದ ತಪಾಸಣೆ ಇಲ್ಲ ಎಂದಾದಾಗ ಜನ ಹೀಗೆ ವರ್ತಿಸುವುದು ನಿರೀಕ್ಷಿತವೇ ಎಂಬುದು ಅವರ ವಾದ.

ಅತ್ಯಂತ ನೋವಿನ ಅಧ್ಯಾಯ ಮಿಡ್ ಸ್ಟಾಫರ್ಡ್‌ಶೈರ್‌ನದು. ಸ್ಟಾಫರ್ಡ್ ಆಸ್ಪತ್ರೆಯ ಬಗ್ಗೆ 2009ರ ಮಾರ್ಚ್‌ನಲ್ಲಿ ಹೊರಬಂದ ವರದಿ, ತುರ್ತು ವಿಭಾಗದಲ್ಲಿ ವೈದ್ಯಕೀಯ ತರಬೇತಿಯಿಲ್ಲದ ಸ್ವಾಗತಕಾರರೇ ಯಾರಿಗೆ ತುರ್ತು ಎಂದು ತೀರ್ಮಾನಿಸುತ್ತಿದ್ದುದನ್ನು ಬಯಲಿಗೆಳೆಯಿತು. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ವಿಚಾರಣೆಗಳು (2010 ಮತ್ತು 2013), ಆಡಳಿತ ಗುರಿಗಳತ್ತ ಹಾಗೂ ಹಣಕಾಸಿನತ್ತ ನೋಡುತ್ತ ರೋಗಿಗಳತ್ತ ನೋಡುವುದನ್ನೇ ಬಿಟ್ಟಿತ್ತು ಎಂದವು. ಕಾದ ಸಮಯವನ್ನು ತಿದ್ದಿ ಬರೆದ ನರ್ಸ್‌ಗಳು ನೋಂದಣಿ ಕಳೆದುಕೊಂಡರು. ತಿದ್ದದಿದ್ದರೆ ಕೆಲಸ ಹೋದೀತೆಂಬ ಭಯ ಆ ವಿಭಾಗದಲ್ಲಿತ್ತು ಎಂಬುದನ್ನೂ ಮರೆಯಬಾರದು.

ಪರಿಷ್ಕರಣೆ ಮತ್ತು ಪುರಾವೆ: 2010ರಲ್ಲಿ ಹೊಸ ಸರ್ಕಾರ ಗುರಿಯನ್ನು ಶೇ. 95ಕ್ಕೆ ಇಳಿಸಿತು. 2011ರಿಂದ ವೈದ್ಯರನ್ನು ಕಾಣದೆ ಹೊರಟುಹೋದವರು, ಅನಿರೀಕ್ಷಿತವಾಗಿ ಮರಳಿ ಬಂದವರು, ಚಿಕಿತ್ಸೆ ಶುರುವಾಗಲು ಹಿಡಿದ ಸಮಯ, ರೋಗಿಯ ಅನುಭವ ಮೊದಲಾದ ಎಂಟು ಸೂಚಕಗಳನ್ನು ಸೇರಿಸಲಾಯಿತು. ಒಂದೇ ಅಂಕಿಯ ಕುರುಡನ್ನು ಇವು ಸ್ವಲ್ಪಮಟ್ಟಿಗೆ ಸರಿಪಡಿಸಿದವು. ಆದರೂ ಸುದ್ದಿಯಾಗುತ್ತಿದ್ದದ್ದು ಹಳೆಯ ಅಂಕಿಯೇ.

ಗುರಿಯಿಂದ ಜೀವ ಉಳಿಯಿತೇ ಎಂಬ ಪ್ರಶ್ನೆಗೆ ಜೊನಾಥನ್ ಗ್ರೂಬರ್, ಥಾಮಸ್ ಹೋ ಮತ್ತು ಜಾರ್ಜ್ ಸ್ಟೋಯ್ 2018ರಲ್ಲಿ ಉತ್ತರಿಸಿದರು: ಗಡುವಿನ ಪ್ರಭಾವಕ್ಕೆ ಒಳಗಾದ ರೋಗಿಗಳು ಕಾದದ್ದು ಸುಮಾರು 20 ನಿಮಿಷ ಕಡಿಮೆಯಾಗಿತ್ತು, ಅವರಲ್ಲಿ 30 ದಿನಗಳೊಳಗಿನ ಸಾವು ಸುಮಾರು ಶೇ. 14ರಷ್ಟು ತಗ್ಗಿತ್ತು. 50 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಆಧರಿಸಿದ 2022ರ ಅಧ್ಯಯನ ಇನ್ನೊಂದು ಬದಿಯನ್ನು ತೋರಿಸಿತು: ದಾಖಲಾಗಬೇಕಾದವರು ತುರ್ತು ವಿಭಾಗದಲ್ಲಿ ಆರರಿಂದ ಎಂಟು ಗಂಟೆ ಉಳಿದರೆ ಪ್ರತಿ 82 ಮಂದಿಗೆ ಒಂದು ಹೆಚ್ಚುವರಿ ಸಾವು. ಇವೆರಡನ್ನೂ ಜೊತೆಗಿಟ್ಟು ಓದಿದರೆ ಅಳೆಯುವುದನ್ನೇ ಕೈಬಿಡಬೇಕೆಂಬ ವಾದ ನಿಲ್ಲುವುದಿಲ್ಲ.

ಇಂಗ್ಲೆಂಡ್ ಶೇ. 95ನ್ನು ಕೊನೆಯ ಬಾರಿ ಮುಟ್ಟಿದ್ದು 2015ರ ಜುಲೈನಲ್ಲಿ. 2022ರ ಡಿಸೆಂಬರ್‌ನಲ್ಲಿ ಅದು ಸುಮಾರು ಶೇ. 65ಕ್ಕೆ ಕುಸಿಯಿತು. 2019ರಲ್ಲಿ ಸರಾಸರಿ ಸಮಯವನ್ನು ಅಳೆಯುವ ಬದಲಿ ಪ್ರಯೋಗ 14 ಕಡೆ ನಡೆಯಿತು. ಕೊನೆಗೆ ನಾಲ್ಕು ಗಂಟೆಯ ಅಳತೆಯೇ ಉಳಿದು, 2024ರ ಮಾರ್ಚ್‌ಗೆ ಶೇ. 76 ಎಂಬ ತಾತ್ಕಾಲಿಕ ಮಟ್ಟ ಗೊತ್ತಾಯಿತು. ಅದೂ ದಕ್ಕಲಿಲ್ಲ. 12 ಗಂಟೆ ಕಾದವರ ಲೆಕ್ಕವನ್ನಂತೂ ದೀರ್ಘಕಾಲ ದಾಖಲಿಸುವ ತೀರ್ಮಾನದ ಕ್ಷಣದಿಂದ ಹಿಡಿಯಲಾಗುತ್ತಿತ್ತು. ಬಂದ ಹೊತ್ತಿನಿಂದ ಎಣಿಸಿದ ನಿಜವಾದ ಅಂಕಿ ತಿಂಗಳು ತಿಂಗಳು ಪ್ರಕಟವಾಗತೊಡಗಿದ್ದು 2023ರಲ್ಲಿ, ತುರ್ತು ವೈದ್ಯರ ರಾಯಲ್ ಕಾಲೇಜು ಪಟ್ಟುಹಿಡಿದ ಮೇಲೆ.

ಇತರ ದೇಶಗಳು: ನ್ಯೂಜಿಲೆಂಡ್ 2009ರಲ್ಲಿ ಆರು ಗಂಟೆಯ ಗುರಿ ಹಾಕಿಕೊಂಡಿತು. ಅದೇ ವರ್ಷ ಪಶ್ಚಿಮ ಆಸ್ಟ್ರೇಲಿಯಾ ನಾಲ್ಕು ಗಂಟೆಯದನ್ನು ಆರಿಸಿತು. ಅಮೆರಿಕ ನಿರ್ದಿಷ್ಟ ರೋಗಗಳತ್ತ ಗಮನವಿಟ್ಟಿತು: ಹೃದಯಾಘಾತದವರು ಬಾಗಿಲು ದಾಟಿದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕು ಎಂಬುದು ಫಲಕೊಟ್ಟ ಅಳತೆ. ನ್ಯುಮೋನಿಯಾಕ್ಕೆ ನಾಲ್ಕು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಎಂಬುದು ಎಡವಿತು. ನ್ಯುಮೋನಿಯಾ ಇಲ್ಲದವರಿಗೂ ಔಷಧ ಹೋಗತೊಡಗಿ, ಗಡುವನ್ನು ಆರು ಗಂಟೆಗೆ ಏರಿಸಿ, ಕೊನೆಗೆ ಕೈಬಿಡಲಾಯಿತು.

ಭಾರತದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್, ತುರ್ತು ರೋಗಿಯ ಮೊದಲ ತಪಾಸಣೆಗೆ ಹಿಡಿದ ಸಮಯ ಮತ್ತು ಅದೇ ತೊಂದರೆಯಿಂದ 72 ಗಂಟೆಯೊಳಗೆ ಮರಳಿದವರ ಲೆಕ್ಕ ಕೇಳುತ್ತದೆ. ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹಿಂದಿರುವುದೂ ಬಾಗಿಲಿನಿಂದ ಚುಚ್ಚುಮದ್ದಿನವರೆಗಿನ ನಿಮಿಷಗಳ ಲೆಕ್ಕವೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರ ಅಭಿಪ್ರಾಯ ಪಡೆದು, ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಅಲ್ಲೇ ಕೊಡುವುದು. ಆದರೆ ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಷ್ಟು ಮಂದಿ ಎಷ್ಟು ಹೊತ್ತು ಕಾದರು ಎಂಬುದನ್ನು ತಿಂಗಳು ತಿಂಗಳು ಜನರ ಮುಂದಿಡುವ ಇಂಗ್ಲೆಂಡಿನ ಮಾದರಿಯ ರಾಷ್ಟ್ರೀಯ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಅದು ಬರಬೇಕು, ಜಿಲ್ಲಾ ಆಸ್ಪತ್ರೆಗಳಿಂದಲೇ ಶುರುವಾದರೆ ಒಳ್ಳೆಯದು.