ಪೂರ್ಣಯ್ಯನ ಚಿತ್ರ, ನಮ್ಮ ನೇಗಿಲು

ಮೈಸೂರಿನ ಚರಿತ್ರೆಯನ್ನು ಪರೀಕ್ಷೆಗೆಂದು ಉರು ಹೊಡೆದವರೆಲ್ಲ ದಿವಾನ್ ಪೂರ್ಣಯ್ಯನನ್ನು ಬಲ್ಲಿರಿ. ಆತನ ಒಂದು ಎಣ್ಣೆಬಣ್ಣದ ಚಿತ್ರವಿದೆ. ಬರೆದವನು ಥಾಮಸ್ ಹಿಕ್ಕಿ, ಕಾಲ 1801ರ ಸುಮಾರು. ಈ ಹಿಕ್ಕಿ ಡಬ್ಲಿನ್‌ನವನು. ಇಂಗ್ಲಿಷರ ಕಾಲಡಿಯಲ್ಲಿದ್ದ ಐರ್ಲೆಂಡಿನಲ್ಲಿ ಹುಟ್ಟಿ, ಅದೇ ಇಂಗ್ಲಿಷರ ಗೆಲುವನ್ನು ಚಿತ್ರಿಸೋಕೆ ಇಲ್ಲಿಗೆ ಬಂದ. ಹೊಟ್ಟೆಪಾಡು, ಇರ್ಲಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಟಿಪ್ಪುವಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಪೂರ್ಣಯ್ಯ, ಅದೇ ವರ್ಷ ಐದು ವರ್ಷದ ಮುಮ್ಮಡಿ ಕೃಷ್ಣರಾಜನಿಗೆ ದಿವಾನನಾದ. ಆತ ದ್ರೋಹಿಯೋ ಚತುರನೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಾವು ಅದಕ್ಕೆ ಇಳಿಯುವುದಿಲ್ಲ. ನಮ್ಮ ಪ್ರಶ್ನೆ ದುಡ್ಡಿನದು. ಆ ವರ್ಷದ ಒಪ್ಪಂದದಂತೆ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ವರಹ ಕಟ್ಟಬೇಕು. ಯಾಕೆ? ನಮ್ಮ ಎದೆಯ ಮೇಲೆ ಕೂತ ಅವರ ದಂಡಿನ ಖರ್ಚಿಗೆ! ಆ ವರಹ ಅರಮನೆಯ ಹಿತ್ತಲಲ್ಲಿ ಬೆಳೆಯಲಿಲ್ಲ. ಕಣದಲ್ಲಿ ರಾಶಿಯಾಗಿ, ಕಂದಾಯವಾಗಿ ಹೋಯಿತು. ರೈತನ ಕೆಳಗೆ ಆಳು, ಆಳಿನ ಕೆಳಗೆ ತೋಟಿ, ಜೀತದವನು. ಭಾರವೆಲ್ಲ ಕೆಳಕ್ಕೇ ಇಳಿಯುವುದು. ತಪ್ಪದೆ ಕಟ್ಟಿಸಿಕೊಟ್ಟ ದಿವಾನನಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿತು.

ಇನ್ನೊಂದು ಸಂಗತಿ ಕೇಳಿ. ಪೂರ್ಣಯ್ಯನ ಚಿತ್ರದ ಕಾಲದಲ್ಲೇ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕನನ್ ಎಂಬ ಡಾಕ್ಟರನ್ನು ಈ ಸೀಮೆಗೆಲ್ಲ ಓಡಾಡಿಸಿದ. ಗೆದ್ದ ನೆಲದಲ್ಲಿ ಏನೇನು ಬೆಳೆಯುತ್ತೆ, ಯಾವ ಜಾತಿ ಏನು ಕೆಲಸ ಮಾಡುತ್ತೆ, ಎಲ್ಲಾ ಬರಕೋ ಅಂತ. 1807ರಲ್ಲಿ ಮೂರು ಸಂಪುಟ ಅಚ್ಚಾದವು. ಹೊಲೆಯರು, ಮಾದಿಗರು ಅದರಲ್ಲಿದ್ದಾರೆ. ಏನು ತಿಂತಾರೆ, ಹೇಗೆ ಮದುವೆಯಾಗ್ತಾರೆ, ಕೂಲಿ ಎಷ್ಟು ಅನ್ನೋದೂ ಇದೆ. ನೇಗಿಲು, ಕುಂಟೆಯಂಥ ಸಲಕರಣೆಗಳಿಗೆ ಚಿತ್ರಫಲಕಗಳೂ ಸಿಕ್ಕಿವೆ. ದಿವಾನನಿಗೆ ಹೆಸರು, ಮುಖ, ಬಣ್ಣ. ನಮ್ಮವರಿಗೆ ಜಾತಿ ಮತ್ತು ಕೂಲಿಯ ದರ. ಎರಡೂ ಬರೆದದ್ದು ಒಂದೇ ಗೆಲುವಿನ ಬೆನ್ನಿಗೆ.

ಹಾಗಂತ ಬುಕನನ್‌ನ ಪುಸ್ತಕ ಬಿಸಾಡಬೇಡಿ. ಮೇಷ್ಟ್ರುಗಳು ತಮ್ಮ ತಾಲ್ಲೂಕಿನ ಪುಟಗಳನ್ನು ಹುಡುಕಿ ಹುಡುಗರ ಮುಂದೆ ಓದಲಿ. ನಮ್ಮ ಅಜ್ಜಂದಿರ ದುಡಿಮೆಗೆ ಆ ಕಾಲದ ಸಾಕ್ಷಿ, ಶತ್ರುವಿನ ಕೈಬರಹದಲ್ಲಾದರೂ, ಅಲ್ಲಿದೆ.

ಪೂರ್ಣಯ್ಯನ ಚಿತ್ರ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಸಂಗ್ರಹದಲ್ಲಿದೆ. ಆ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಎಲಿಹು ಯೇಲ್ ಯಾರು ಗೊತ್ತೇ? ಮದರಾಸಿನ ಕೋಟೆಯಲ್ಲಿ ಕಂಪನಿಯ ಅಧ್ಯಕ್ಷನಾಗಿದ್ದವನು.