ತಾಟೆ ಮತ್ತು ಐದು ತಿಂಗಳ ಕಾನೂನು

2001ರ ಮಳೆಗಾಲ. ದೋಣಿಗಳೆಲ್ಲ ದಡದಲ್ಲಿದ್ದವು. ಮಲ್ಪೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರಿಕೆ ಹಿಡಿದು ಬಂದ. "ಮಾಷ್ಟ್ರೇ, ತಾಟೆ ಹಿಡಿದರೆ ಜೈಲಂತೆ, ಹೌದಾ?"

ಹೌದಾಗಿತ್ತು. ಜುಲೈ 11ರಂದು ಕೇಂದ್ರ ಸರ್ಕಾರವು ಶಾರ್ಕ್ ಹಾಗೂ ತೊರಕೆ ಜಾತಿಗಳನ್ನೆಲ್ಲ ಒಟ್ಟಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತ್ತು. ಹುಲಿಗಿರುವ ರಕ್ಷಣೆ ಅದು. ನಮ್ಮಲ್ಲಿ ಬಾಣಂತಿಗೆ ಬೇಯಿಸಿ ಬಡಿಸುವ ಸಣ್ಣ ತಾಟೆಯೂ ಒಮ್ಮೆಲೇ ಹುಲಿಯಾಯಿತು!

ಮೀನುಗಾರರು ವಿರೋಧಿಸಿದರು. ಡಿಸೆಂಬರ್ 5ರಂದು ಪಟ್ಟಿಯನ್ನು ಮೊಟಕುಗೊಳಿಸಿ, ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಗರಗಸ ಮೀನು ಮುಂತಾಗಿ ಸುಮಾರು ಹತ್ತು ಜಾತಿಗಳನ್ನಷ್ಟೇ ಉಳಿಸಲಾಯಿತು. ಪಟ್ಟಿಯಲ್ಲಿದ್ದುದು ಲ್ಯಾಟಿನ್ ಹೆಸರುಗಳು. "ಇದರಲ್ಲಿ ನನ್ನ ಬಲೆಗೆ ಬೀಳುವುದು ಯಾವುದು?" ಎಂದು ಅವನು ಕೇಳಿದಾಗ, ಜೀವಮಾನವಿಡೀ ಚರಿತ್ರೆ ಬೋಧಿಸಿದ ನಾನು ನಿರುತ್ತರನಾದೆ. ಬಲೆಗಂತೂ ಲ್ಯಾಟಿನ್ ಬಾರದು.

2013ರಲ್ಲಿ ರೆಕ್ಕೆ ಕತ್ತರಿಸಿ ಒಡಲನ್ನು ಕಡಲಿಗೆಸೆಯಬಾರದೆಂಬ ನಿಯಮ ಬಂತು. 2015ರಲ್ಲಿ ರೆಕ್ಕೆಯ ರಫ್ತು ನಿಷಿದ್ಧವಾಯಿತು. 2022ರ ತಿದ್ದುಪಡಿಯು 2023ರ ಏಪ್ರಿಲ್‌ನಲ್ಲಿ ಜಾರಿಯಾಗಿ ಪಟ್ಟಿ ಮತ್ತೆ ಬೆಳೆಯಿತು. ಪಟ್ಟಿಯ ಹೊರಗಿನವನ್ನು ಇಂದಿಗೂ ಹಿಡಿಯಬಹುದು, ತಿನ್ನಬಹುದು. ಆದರೆ ಬೂತಾಯಿಯಂತೆ ತಾಟೆ ಸಾವಿರಾರು ಮೊಟ್ಟೆ ಇಡುವುದಿಲ್ಲ. ದೊಡ್ಡ ಜಾತಿಗಳು ಬೆಳೆದು ಮರಿ ಹಾಕಲು ಹಲವು ವರ್ಷ ಬೇಕು. ಹಾಕುವ ಮರಿಗಳೂ ಕೆಲವೇ. ಟ್ರಾಲ್ ಬಲೆ ಅಷ್ಟು ಕಾಯುವುದಿಲ್ಲ.

ಕಳೆದ ವರ್ಷ ಅವನು ಮತ್ತೆ ಸಿಕ್ಕಿದ್ದ. ಅವನ ತಂದೆಯ ಕಾಲದಲ್ಲಿ ತಾಟೆಯನ್ನು ಇಬ್ಬರು ಹೊರುತ್ತಿದ್ದರಂತೆ. ಈಗ ಮಗನ ಬಲೆಗೆ ಬರುವುದು ಮೊಳದುದ್ದದ ಮರಿ.