ಪೆಟ್ರೋಲ್ ಡಿಪೋ ಟ್ಯಾಂಕ್ ತಳಕ್ಕೆ ತುಕ್ಕು: ಕರೆಂಟ್ ಒಂದೇ ಯಾಕೆ ಸಾಲಲ್ಲ? ಇಲ್ಲಿದೆ ಮಾಹಿತಿ

ಮಂಗಳೂರಿನಿಂದ ಪೈಪ್‌ಲೈನ್‌ನಲ್ಲಿ ಹೊರಡುವ ಪೆಟ್ರೋಲ್, ಡೀಸೆಲ್ ಹಾಸನ ಮತ್ತು ಹೊಸಕೋಟೆ ಹತ್ತಿರದ ದೇವನಗೊಂದಿ ಟರ್ಮಿನಲ್‌ಗಳಲ್ಲಿ ಇಳಿಯುತ್ತದೆ. ಅಲ್ಲಿಂದ ಟ್ಯಾಂಕರ್ ಲಾರಿ ಹತ್ತಿ ಊರೂರಿನ ಬಂಕ್ ಸೇರುತ್ತದೆ. ನಡುವೆ ಅದು ನಿಲ್ಲುವುದು ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕ್‌ಗಳಲ್ಲಿ. ಟ್ಯಾಂಕ್ ಗೋಡೆಗೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತೆ, ಬಣ್ಣ ಹೊಡೆಸಬಹುದು. ತಳ ಹಾಗಲ್ಲ. ಮರಳಿನ ಹಾಸಿನ ಮೇಲೆ ಕೂತ ತಗಡಿನ ಅಡಿಭಾಗ ಯಾರ ಕಣ್ಣಿಗೂ ಬೀಳೋದಿಲ್ಲ. ಅಲ್ಲಿ ತೂತು ಬಿದ್ದರೆ ಎಣ್ಣೆ ಸದ್ದಿಲ್ಲದೆ ಮಣ್ಣಿಗೆ ಇಳಿಯುತ್ತದೆ. ಅಕ್ಕಪಕ್ಕದ ಬೋರ್‌ವೆಲ್ ನೀರು ವಾಸನೆ ಬಂದ ಮೇಲಷ್ಟೇ ಗೊತ್ತಾಗುವುದೂ ಉಂಟು.

ಹೊಸ ಟ್ಯಾಂಕ್ ತಳದ ತಗಡು ಸಾಮಾನ್ಯವಾಗಿ 6 ಮಿ.ಮೀ. ದಪ್ಪ. ಸೋರಿಕೆ ತಡೆಯುವ ಬೇರೆ ಪದರ ಇಲ್ಲದ ಟ್ಯಾಂಕಿನಲ್ಲಿ ಮುಂದಿನ ತಪಾಸಣೆ ಹೊತ್ತಿಗೆ ಕನಿಷ್ಠ 2.5 ಮಿ.ಮೀ. ಉಳಿದಿರಬೇಕು ಎನ್ನುವುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ನಿಯಮ.

ಕರೆಂಟ್ ಮುಟ್ಟದ ಜಾಗ

ಹಳೇ ಉಪಾಯ ಕ್ಯಾಥೋಡಿಕ್ ಪ್ರೊಟೆಕ್ಷನ್. ಗೀಸರ್ ರಿಪೇರಿಯವರು ಬದಲಿಸುವ ಮೆಗ್ನೀಷಿಯಂ ರಾಡ್ ನೆನಪಿಸಿಕೊಳ್ಳಿ. ಆ ರಾಡ್ ತಾನು ಸವೆದು ಗೀಸರ್ ಟ್ಯಾಂಕ್ ಉಳಿಸುತ್ತೆ. ಡಿಪೋದಲ್ಲೂ ಅದೇ ತತ್ವ. ದೊಡ್ಡ ಟ್ಯಾಂಕ್‌ಗಳಿಗೆ ಮಾತ್ರ ರೆಕ್ಟಿಫೈಯರ್ ಇಟ್ಟು, ಮರಳಿನಲ್ಲಿ ಹೂತ ಆನೋಡ್‌ಗಳ ಮೂಲಕ ಸಣ್ಣ ಡಿಸಿ ಕರೆಂಟ್ ಹರಿಸುತ್ತಾರೆ.

ತೊಡಕು ಇರುವುದು ಇಲ್ಲೇ. ತೇವದ ಮರಳು ತಗಡನ್ನು ತಾಗಿದ್ದರೆ ಮಾತ್ರ ಕರೆಂಟ್ ಹರಿಯುತ್ತೆ. ಟ್ಯಾಂಕ್ ತುಂಬಿದಾಗ ತಳ ಒತ್ತಿಕೊಳ್ಳುತ್ತೆ, ಖಾಲಿಯಾದಾಗ ಅಲ್ಲಲ್ಲಿ ಉಬ್ಬಿ ಮೇಲೇಳುತ್ತೆ. ಆ ಸಂದಿಯಲ್ಲಿ ಗಾಳಿ ಇರುತ್ತೆ, ತಗಡಿನ ಮೇಲೆ ಬೆವರಿನಂತೆ ನೀರೂ ಕೂರುತ್ತೆ. ಗಾಳಿ ದಾಟಿ ಕರೆಂಟ್ ಹೋಗದು, ತುಕ್ಕಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತೆ. ಹಿಂದೆ ಟ್ಯಾಂಕ್ ಅಡಿ ಹಾಸುತ್ತಿದ್ದ ಡಾಂಬರು ಬೆರೆತ ಮರಳು ಕೂಡ ಕರೆಂಟ್‌ಗೆ ಅಡ್ಡಿ.

ಬೇರಿಂಗ್ ಸುತ್ತುವ ಕಾಗದದ ಗುಟ್ಟು

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರುವ ಎಷ್ಟೋ ಬಿಡಿಭಾಗಗಳು ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿರುತ್ತವೆ. ಆ ಕಾಗದದ ರಾಸಾಯನಿಕ ನಿಧಾನವಾಗಿ ಆವಿಯಾಗಿ ಲೋಹದ ಮೇಲೆ ಕಾಣದಷ್ಟು ತೆಳು ಪದರ ಕಟ್ಟುತ್ತೆ. ಇದೇ ಜಾತಿಯ ವೇಪರ್ ಇನ್ಹಿಬಿಟರ್ ಪುಡಿಯನ್ನು ನೀರಿನಲ್ಲಿ ಕಲಸಿ, ತೂತುಗಳಿರುವ ಪೈಪ್ ಮೂಲಕ ಟ್ಯಾಂಕ್ ಅಡಿಗೆ ಬಿಡುತ್ತಾರೆ. ಕರೆಂಟ್ ಮುಟ್ಟದ ಸಂದಿಗೆ ಆವಿ ಮುಟ್ಟುತ್ತೆ. ಇದರ ಬಗ್ಗೆ ಎಪಿಐ 2021ರಲ್ಲಿ ಪ್ರತ್ಯೇಕ ತಾಂತ್ರಿಕ ವರದಿಯನ್ನೇ ತಂದಿದೆ.

ಹಾಗಂತ ಪುಡಿ ಹಾಕಿ ಕರೆಂಟ್ ಆಫ್ ಮಾಡೋದು ಜಾಣತನವಲ್ಲ. ಪುಡಿ ಕಾಲಕ್ರಮೇಣ ಖರ್ಚಾಗುತ್ತೆ, ಮತ್ತೆ ತುಂಬಬೇಕು. ಟ್ಯಾಂಕ್ ಅಂಚಿಗೂ ಕಾಂಕ್ರೀಟ್ ಬುನಾದಿಗೂ ನಡುವಿನ ಸಂದಿ ಮುಚ್ಚದಿದ್ದರೆ ಆವಿ ಹೊರಗೆ, ಮಳೆನೀರು ಒಳಗೆ. ಮಲೆನಾಡು, ಕರಾವಳಿಯ ಮಳೆಯಲ್ಲಿ ಇದನ್ನು ಮರೆತರೆ ಖರ್ಚು ಮಾಡಿದ ದುಡ್ಡು ದಂಡ.

ಇನ್ನೊಂದು ಎಚ್ಚರಿಕೆ ಮೀಟರ್ ಬಗ್ಗೆ. ಕರೆಂಟ್ ಸಾಕಷ್ಟು ಸಿಗುತ್ತಿದೆಯೇ ಎಂದು ನೋಡಲು ತಾಮ್ರ-ಸಲ್ಫೇಟ್ ಎಲೆಕ್ಟ್ರೋಡ್ ಇಟ್ಟು ಮೈನಸ್ 850 ಮಿಲಿವೋಲ್ಟ್ ಬರುತ್ತಾ ಅಂತ ಅಳೆಯುತ್ತಾರೆ. ಆ ಅಂಕಿ ಮರಳು ತಾಗಿರುವ ಜಾಗದ ಕಥೆ ಹೇಳುತ್ತೆ, ಗಾಳಿ ಸಂದಿಯದ್ದಲ್ಲ. ಹಾಗಾಗಿ ಎರಡೂ ವಿಧಾನ ಬಳಸಿದ ಕಡೆ, ಲೋಹ ಎಷ್ಟು ಸವೆಯುತ್ತಿದೆ ಎಂದು ತೋರಿಸುವ ಪ್ರೋಬ್‌ಗಳನ್ನೂ ತಳದಡಿ ಇಡುವುದು ಒಳ್ಳೇದು.

ಬಂಕ್‌ಗಳಲ್ಲಿ ನೆಲದೊಳಗೆ ಹೂತ ಟ್ಯಾಂಕ್‌ಗಳ ಲೆಕ್ಕ ಬೇರೆ. ಅವುಗಳ ಸುತ್ತಲೂ ಮಣ್ಣು, ಮರಳು ತಾಗಿಯೇ ಇರುವುದರಿಂದ ತಳ ಮೇಲೇಳುವ ಈ ತೊಂದರೆ ಅಲ್ಲಿಲ್ಲ.